ತತ್ತ್ವಭೇದದಿಂದ ಮಹಾಸಭೆಯವರೆಗೆ: ಬಾಗೇವಾಡಿ ಸೀಮೆಯಲ್ಲಿ ಲಿಂಗಾಯತ–ವೀರಶೈವ ವಾದದ ಇತಿಹಾಸ

ಒಂದು ಧರ್ಮಸಮುದಾಯದೊಳಗೆ ತತ್ತ್ವಭೇದ ತಲೆದೋರುವುದಕ್ಕೂ ಆ ಭೇದವು ಪ್ರತ್ಯೇಕ ಸಂಸ್ಥೆಯ ರೂಪ ತಳೆಯುವುದಕ್ಕೂ ನಡುವೆ ಹಲವು ಶತಮಾನಗಳೇ ಕಳೆದುಹೋಗಬಹುದು ಎಂಬುದಕ್ಕೆ ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ ಮತ್ತು ಇಂಡಿ ಸೀಮೆಯ ಇತಿಹಾಸವು ಉತ್ತಮ ನಿದರ್ಶನವಾಗಿದೆ. ಶಾಸನಗಳಲ್ಲಿ ತರ್ದವಾಡಿ ಸಾಸಿರವೆಂದು ಹೆಸರಾಗಿದ್ದ ಈ ಪ್ರದೇಶದಲ್ಲಿ 12ನೆಯ ಶತಮಾನದಲ್ಲಿ ಎದ್ದ ಪ್ರಶ್ನೆಗಳು 20ನೆಯ ಶತಮಾನದಲ್ಲಿ ಮುದ್ರಣಾಲಯಕ್ಕೂ 21ನೆಯ ಶತಮಾನದಲ್ಲಿ ಸರ್ಕಾರಿ ಆದೇಶಕ್ಕೂ ವಸ್ತುವಾದವು. ಲಿಂಗಾಯತ ಮತ್ತು ವೀರಶೈವ ಎಂಬ ಹೆಸರುಗಳ ಸುತ್ತ ಇಂದು ನಡೆಯುತ್ತಿರುವ ವಾದವನ್ನು ಕೇವಲ ಚುನಾವಣೆಯ ಲೆಕ್ಕಾಚಾರವೆಂದು ತಳ್ಳಿಹಾಕುವವರು ಈ ದೀರ್ಘ ಹಿನ್ನೆಲೆಯನ್ನು ಗಮನಿಸಿದಂತೆ ಕಾಣುವುದಿಲ್ಲ.

ಬಸವಣ್ಣನವರ ಹುಟ್ಟೂರಾದ ಬಾಗೇವಾಡಿ ಆಗ ಒಂದು ಅಗ್ರಹಾರ, ಅಂದರೆ ವೇದಾಧ್ಯಯನ ಮತ್ತು ಯಜ್ಞಾದಿ ಕರ್ಮಗಳಿಗಾಗಿ ಬ್ರಾಹ್ಮಣರಿಗೆ ದಾನವಾಗಿ ಕೊಟ್ಟ ಊರು. ಅವರ ಜನನ ತಾಯಿಯ ತವರಾದ ಹತ್ತಿರದ ಇಂಗಳೇಶ್ವರದಲ್ಲಿ ಆಯಿತೆಂದು ಹೇಳುವ ಪರಂಪರೆಯೂ ಇದೆ. ಸೇವುಣರ ಕಾಲದ, 1260ರ ಅರ್ಜುನವಾಡ ಶಾಸನವು ಬಾಗೇವಾಡಿ ಮತ್ತು ಸಂಗನಬಸವನ ಹೆಸರುಗಳನ್ನು ಒಟ್ಟಿಗೆ ಉಲ್ಲೇಖಿಸುವುದರಿಂದ, ಪುರಾಣಗಳ ಉತ್ಪ್ರೇಕ್ಷೆಯನ್ನು ಬದಿಗಿಟ್ಟರೂ ಈ ಊರಿನ ಸಂಬಂಧ ನಿಲ್ಲುತ್ತದೆ. ಬಸವಣ್ಣನವರು ಜನಿವಾರವನ್ನು ತ್ಯಜಿಸಿ ಕೂಡಲಸಂಗಮಕ್ಕೆ ಹೋದರೆಂದು ಹರಿಹರನು ತನ್ನ ರಗಳೆಯಲ್ಲಿ ನಿರೂಪಿಸುತ್ತಾನೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಅವರು ಉಪನಯನವನ್ನೇ ನಿರಾಕರಿಸುತ್ತಾರೆ. ಎರಡು ಕಥನಗಳು ವಿವರದಲ್ಲಿ ಬೇರೆಯಾದರೂ, ಜನ್ಮದಿಂದ ಬರುವ ಸಂಸ್ಕಾರದ ನಿರಾಕರಣೆಯಿಂದಲೇ ಈ ಪಂಥದ ಕಥೆಯನ್ನು ಆರಂಭಿಸಬೇಕೆಂಬ ವಿಷಯದಲ್ಲಿ ಅವೆರಡಕ್ಕೂ ಸಹಮತವಿದೆ.

ಕಳಚುರಿ ಬಿಜ್ಜಳನ ಆಳ್ವಿಕೆಯಲ್ಲಿ ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ನೆರೆದ ಶರಣರು ಶಿವನನ್ನು ತಾವಾಗಿ ಹೊಸದಾಗಿ ಕಂಡುಕೊಂಡವರಲ್ಲ. ಕಾಳಾಮುಖ, ಪಾಶುಪತ ಮೊದಲಾದ ಶೈವ ಪಂಥಗಳು ಈ ನಾಡಿನಲ್ಲಿ ಅದಾಗಲೇ ಬೇರೂರಿದ್ದವು. ದೇವಾಲಯದ ಸ್ಥಾವರಲಿಂಗಕ್ಕೆ ಬದಲಾಗಿ ಪ್ರತಿಯೊಬ್ಬರೂ ಅಂಗದ ಮೇಲೆ ಧರಿಸುವ ಇಷ್ಟಲಿಂಗ, ದೇಹಶ್ರಮವನ್ನು ಪೂಜೆಯ ಮಟ್ಟಕ್ಕೆ ಏರಿಸಿದ ಕಾಯಕ, ಗಳಿಸಿದ್ದನ್ನು ಹಂಚಿಕೊಳ್ಳುವ ದಾಸೋಹ, ದೀಕ್ಷೆಯಾದ ಮೇಲೆ ಹಿಂದಿನ ಜಾತಿಯನ್ನು ಎಣಿಸಬಾರದೆಂಬ ಕಟ್ಟಳೆ, ಇವೆಲ್ಲ ಒಂದಾಗಿ ಸೇರಿದ್ದೇ ಆ ಪಂಥಗಳಿಗೂ ಶರಣರಿಗೂ ಇರುವ ಅಂತರ. ಹಿಪ್ಪರಗಿಯ ಮಡಿವಾಳ ಮಾಚಿದೇವರಂಥವರು ಈ ಬಳಗಕ್ಕೆ ಸೇರಿದ್ದು ಆ ಕಟ್ಟಳೆಯ ಬಲದಿಂದ. ಆ ಊರು, ಅಂದರೆ ಇಂದಿನ ದೇವರ ಹಿಪ್ಪರಗಿ, ಇತ್ತೀಚಿನವರೆಗೂ ಸಿಂದಗಿ ತಾಲ್ಲೂಕಿನಲ್ಲಿಯೇ ಇತ್ತು. ಭಿನ್ನ ಜಾತಿಗಳಲ್ಲಿ ಹುಟ್ಟಿದ್ದ ಶರಣರಾದ ಹರಳಯ್ಯ ಮತ್ತು ಮಧುವಯ್ಯನವರ ಮಕ್ಕಳ ವಿವಾಹದ ನಂತರ ಕಲ್ಯಾಣದಲ್ಲಿ ರಕ್ತಪಾತವಾಗಿ ಶರಣರು ಚದುರಿಹೋದಾಗ, ಸಂಗಮದ ದಾರಿ ಹಿಡಿದಿದ್ದ ಬಸವಣ್ಣನವರ ಪತ್ನಿ ನೀಲಾಂಬಿಕೆ ಮುದ್ದೇಬಿಹಾಳ ತಾಲ್ಲೂಕಿನ ಕೃಷ್ಣಾತೀರದ ತಂಗಡಗಿಯಲ್ಲಿ ಐಕ್ಯರಾದರೆಂಬುದು ಪರಂಪರೆ. ಐಕ್ಯವೆಂದರೆ ಲಿಂಗದಲ್ಲಿ ಒಂದಾಗುವುದು, ಶರಣರ ಮರಣಕ್ಕೆ ಈ ಸಂಪ್ರದಾಯದಲ್ಲಿರುವ ಹೆಸರು. ಹಡಪದ ಅಪ್ಪಣ್ಣನವರ ನೆನಪೂ ಅದೇ ಊರಿಗೆ ಅಂಟಿಕೊಂಡಿದೆ.

ಹೀಗೆ ಚದುರಿದ ಬಳಗ ಮತ್ತೆ ಕೂಡಿಕೊಂಡ ರೀತಿಯಲ್ಲಿಯೇ ಮುಂದಿನ ವಾದದ ಬೀಜವಿದೆ. ಒಂದು ಧಾರೆಯು ಅಲ್ಲಮಪ್ರಭುವಿನ ಶೂನ್ಯಸಿಂಹಾಸನವನ್ನು ತನ್ನ ಮೂಲವೆಂದು ಭಾವಿಸಿದ ವಿರಕ್ತ ಪರಂಪರೆ. ವಿಜಯನಗರದ ಎರಡನೆಯ ದೇವರಾಯನ ಕಾಲದಲ್ಲಿ ನೂರೊಂದು ವಿರಕ್ತರು ವಚನಗಳನ್ನು ಸಂಗ್ರಹಿಸಿದರೆಂಬ ಪ್ರತೀತಿಯೂ ಶೂನ್ಯಸಂಪಾದನೆಯ ಬೇರೆ ಬೇರೆ ಪಾಠಗಳೂ ಮುಂದೆ ಎಡೆಯೂರಿನ ತೋಂಟದ ಸಿದ್ಧಲಿಂಗರ ಶಿಷ್ಯಬಳಗವೂ ಈ ಧಾರೆಗೆ ಸೇರುತ್ತವೆ. ಇನ್ನೊಂದು ಧಾರೆಯು ರಂಭಾಪುರಿ, ಉಜ್ಜಯಿನಿ, ಕೇದಾರ, ಶ್ರೀಶೈಲ ಮತ್ತು ಕಾಶಿಯ ಪಂಚಪೀಠಗಳದು. ರೇಣುಕ ಮೊದಲಾದ ಐವರು ಆಚಾರ್ಯರು ಯುಗಯುಗಗಳ ಹಿಂದೆ ಲಿಂಗದಿಂದ ಉದ್ಭವಿಸಿ ಈ ಧರ್ಮವನ್ನು ಸ್ಥಾಪಿಸಿದರೆಂದೂ ಬಸವಣ್ಣನವರು ಅದನ್ನು ಪುನರುಜ್ಜೀವನಗೊಳಿಸಿದ ಮಹಾಭಕ್ತರೆಂದೂ ಈ ಧಾರೆ ಹೇಳುತ್ತದೆ. ರೇಣುಕ ಮತ್ತು ಅಗಸ್ತ್ಯರ ಸಂವಾದರೂಪದ ಸಂಸ್ಕೃತ ಗ್ರಂಥ ಸಿದ್ಧಾಂತ ಶಿಖಾಮಣಿ ಇದಕ್ಕೆ ಪ್ರಮಾಣಗ್ರಂಥ. ಆ ಗ್ರಂಥದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಮತ್ತು ವಾದದ ಅರ್ಧಭಾಗ ಆ ಕಾಲನಿರ್ಣಯದ ಮೇಲೆಯೇ ನಿಂತಿದೆ. ಮೂಲಪುರುಷ ಯಾರು, ಪ್ರಮಾಣ ಆಗಮವೋ ವಚನವೋ, ಲಿಂಗದೀಕ್ಷೆ ಕೊಡುವ ಅಧಿಕಾರ ಗೋತ್ರಪರಂಪರೆಯ ಜಂಗಮರಿಗೆ ಮಾತ್ರ ಉಂಟೋ ಅರಿವು ಆಚಾರಗಳುಳ್ಳ ಯಾರಿಗಾದರೂ ಉಂಟೋ, ವೇದವನ್ನು ಒಪ್ಪಬೇಕೋ ಬೇಡವೋ ಎಂಬ ಪ್ರಶ್ನೆಗಳಲ್ಲಿ ಎರಡೂ ಧಾರೆಗಳು ಬೇರೆಯಾಗುತ್ತವೆ. ಗುರು, ಲಿಂಗ, ಜಂಗಮ, ವಿಭೂತಿ, ರುದ್ರಾಕ್ಷಿ, ಮಂತ್ರ, ಪಾದೋದಕ ಮತ್ತು ಪ್ರಸಾದಗಳೆಂಬ ಅಷ್ಟಾವರಣದಲ್ಲಾಗಲಿ, ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಷಟ್‌ಸ್ಥಲದಲ್ಲಾಗಲಿ ಅಂಥ ಭೇದವಿಲ್ಲದ ಕಾರಣ ಹಳ್ಳಿಯ ಗೃಹಸ್ಥನಿಗೆ ಈ ಅಂತರ ಬಹುಕಾಲ ಕಣ್ಣಿಗೆ ಬಿದ್ದಿರಲಿಲ್ಲ. ಈ ಸೀಮೆಯ ಅನೇಕ ಊರುಗಳಲ್ಲಿ ಪಂಚಪೀಠಗಳಿಗೆ ನಡೆದುಕೊಳ್ಳುವ ಹಿರೇಮಠವೂ ವಿರಕ್ತಮಠವೂ ಅಕ್ಕಪಕ್ಕದಲ್ಲಿಯೇ ಇದ್ದವು. ಮನೆಯ ಮದುವೆ ಮುಂಜಿಗಳನ್ನು ಹಿರೇಮಠದ ಅಯ್ಯನವರು ನಡೆಸಿಕೊಟ್ಟರೆ, ಪುರಾಣಪ್ರವಚನಕ್ಕೆ ಅದೇ ಮನೆಯವರು ವಿರಕ್ತಮಠಕ್ಕೆ ಹೋಗುತ್ತಿದ್ದರು.

ಈ ಸಹಬಾಳ್ವೆಯನ್ನು ಕಲಕಿದ್ದು ಹೊಸ ತತ್ತ್ವವಲ್ಲ, ವಸಾಹತು ಆಡಳಿತದ ಎಣಿಕೆ. 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಬಿಜಾಪುರ (ಇಂದಿನ ವಿಜಯಪುರ) ಗೆಜೆಟಿಯರು ಲಿಂಗಾಯತರಿಗೆ ದೀರ್ಘ ಪುಟಗಳನ್ನೇ ಮೀಸಲಿಟ್ಟು ಅವರನ್ನು ಒಳಪಂಗಡಗಳಾಗಿ ವಿಂಗಡಿಸಿತು. ಜನಗಣತಿಯಲ್ಲಿ ತಮ್ಮನ್ನು ಶೂದ್ರವರ್ಗದಲ್ಲಿ ಸೇರಿಸಿದ್ದನ್ನು ವಿರೋಧಿಸಿ ಮೈಸೂರು ಸಂಸ್ಥಾನದ ಮುಖಂಡರು 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಹವಾಲು ಸಲ್ಲಿಸಿದರು. ಶೂದ್ರರಲ್ಲವೆಂದು ತೋರಿಸಲು ಎರಡು ದಾರಿಗಳಿದ್ದವು: ತಾವೂ ವೈದಿಕರೇ ಎನ್ನುವುದು ಒಂದು, ವರ್ಣವ್ಯವಸ್ಥೆಯ ಹೊರಗಿನವರು ಎನ್ನುವುದು ಇನ್ನೊಂದು. ಮೊದಲಿಗೆ ಬಹುಪಾಲು ಮುಖಂಡರು ಹಿಡಿದದ್ದು ಮೊದಲನೆಯ ದಾರಿಯನ್ನೇ. ಇಂಡಿಯ ಗಡಿಗೆ ಹತ್ತಿರದ ಸೊಲ್ಲಾಪುರದಲ್ಲಿ ವಾರದ ಮಲ್ಲಪ್ಪನವರ ಧನಸಹಾಯದಿಂದ ಹೊರಬಂದ ಸಂಸ್ಕೃತ ಗ್ರಂಥಗಳ ಮಾಲೆಗೆ ವೀರಶೈವ ಲಿಂಗಿಬ್ರಾಹ್ಮಣ ಗ್ರಂಥಮಾಲೆ ಎಂದೇ ಹೆಸರಿಡಲಾಗಿತ್ತು. ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ 1904ರಲ್ಲಿ ಧಾರವಾಡದಲ್ಲಿ ಸೇರಿದ ಮಹಾಸಭೆ ವೀರಶೈವ ಎಂಬ ಹೆಸರನ್ನು ಧರಿಸಿತು; ಶಿರಸಂಗಿ ಲಿಂಗರಾಜ ದೇಸಾಯಿಯವರು ಅದರ ಅಧ್ಯಕ್ಷತೆ ವಹಿಸಿದರು. ಶಿಕ್ಷಣಪ್ರಸಾರ ಮತ್ತು ಸಮಾಜದ ಒಗ್ಗಟ್ಟು ಅದರ ಮುಖ್ಯ ಗುರಿಗಳಾಗಿದ್ದು, ತತ್ತ್ವವಿವಾದವನ್ನು ಅದು ಬೇಕೆಂದೇ ಹಿಂದಕ್ಕೆ ಸರಿಸಿತ್ತು.

ಎರಡನೆಯ ದಾರಿ ತೆರೆದುಕೊಂಡದ್ದು ಬಿಜಾಪುರದಲ್ಲಿ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ ವಕೀಲಿ ವೃತ್ತಿಗಾಗಿ ಬಿಜಾಪುರಕ್ಕೆ ಬಂದ ಫ. ಗು. ಹಳಕಟ್ಟಿಯವರು ಮಠಗಳಲ್ಲಿಯೂ ಮನೆಗಳ ಜಗಲಿಗಳಲ್ಲಿಯೂ ಪೂಜೆಗೊಳ್ಳುತ್ತ ಓದುವವರಿಲ್ಲದೆ ಬಿದ್ದಿದ್ದ ತಾಳೆಗರಿಗಳನ್ನು ಊರೂರು ಅಲೆದು ಕೂಡಿಸಿ, ಪಾಠಗಳನ್ನು ಹೋಲಿಸಿ, ವಚನಗಳನ್ನು ವಿಷಯಾನುಸಾರ ಜೋಡಿಸಿದರು. ಹಸ್ತಪ್ರತಿಯನ್ನು ಮೊದಲು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದಾಗ ಅವರು ಅದನ್ನು ಮುದ್ರಿಸದೆ ಹಿಂದಿರುಗಿಸಿದರೆಂಬ ವೃತ್ತಾಂತ ಪ್ರಸಿದ್ಧವಾಗಿದೆ. ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. 1925ರಲ್ಲಿ ಹಳಕಟ್ಟಿಯವರು ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, ಮರುವರ್ಷ ಶಿವಾನುಭವ ಪತ್ರಿಕೆಯನ್ನೂ 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯನ್ನೂ ಆರಂಭಿಸಿದರು. ಇದಕ್ಕಾಗಿ ಮನೆಯನ್ನು ಮಾರಿ ಬಾಡಿಗೆ ಮನೆಯಲ್ಲಿ ಉಳಿದ ಈ ವಕೀಲರು ಸ್ವತಃ ಪ್ರತ್ಯೇಕತೆಯ ವಾದಿಗಳಾಗಿರಲಿಲ್ಲ, ತಮ್ಮ ಬರಹಗಳಲ್ಲಿ ಎರಡೂ ಹೆಸರುಗಳನ್ನು ಬಳಸಿದವರು. ಆದರೆ ಅವರ ಪ್ರಕಟಣೆಗಳಿಂದ ಆದ ಪರಿಣಾಮ ಅವರ ಉದ್ದೇಶಕ್ಕಿಂತ ದೊಡ್ಡದಾಗಿತ್ತು. ಸಂಸ್ಕೃತ ತಿಳಿದ ಕೆಲವರ ವಶದಲ್ಲಿದ್ದ ಪ್ರಮಾಣದ ಪ್ರಶ್ನೆ ಕನ್ನಡ ಓದಬಲ್ಲ ಶಾಲಾ ಮಾಸ್ತರರು, ಗುಮಾಸ್ತರು, ವ್ಯಾಪಾರಿಗಳ ಕೈಗೆ ಬಂತು, ಮತ್ತು ವೇದಶಾಸ್ತ್ರಗಳನ್ನು ನೇರವಾಗಿ ಪ್ರಶ್ನಿಸುವ ಶರಣರ ಮಾತುಗಳು ಅಚ್ಚಿನಲ್ಲಿ ಕಂಡ ಮೇಲೆ ಅವನ್ನು ಆಗಮಗಳ ಅನುವಾದವೆಂದು ಹೇಳಿ ಮುಗಿಸುವುದು ಕಷ್ಟವಾಯಿತು. ರೈಲಿನಲ್ಲಿ ಕೆಲವೇ ಗಂಟೆಗಳ ಅಂತರದ ಸೊಲ್ಲಾಪುರ ಮತ್ತು ಬಿಜಾಪುರಗಳ ಪ್ರಕಟಣೆಗಳನ್ನು ಎದುರುಬದುರಾಗಿ ಇಟ್ಟು ನೋಡಿದರೆ ಮುಂದಿನ ನೂರು ವರ್ಷಗಳ ವಿವಾದದ ನಕ್ಷೆಯೇ ಸಿಗುತ್ತದೆ. ಇದೇ ಕಾಲದಲ್ಲಿ ಹರ್ಡೇಕರ ಮಂಜಪ್ಪನವರು 1913ರಿಂದ ದಾವಣಗೆರೆಯಲ್ಲಿ ಬಸವ ಜಯಂತಿಯ ಸಾರ್ವಜನಿಕ ಆಚರಣೆಯನ್ನು ಆರಂಭಿಸಿ ಬಸವಣ್ಣನವರಿಗೆ ಮೂಲಪುರುಷನ ಸ್ಥಾನವನ್ನು ಜನಮನದಲ್ಲಿ ಗಟ್ಟಿಗೊಳಿಸಿದ್ದರು. ಶರಣರು ಕಲ್ಯಾಣದಲ್ಲಿ ಕೂಡಿ ಚರ್ಚಿಸುತ್ತಿದ್ದರೆನ್ನುವ ಅನುಭವ ಮಂಟಪವು ಕೇವಲ ಕಲ್ಪನೆಯಲ್ಲ, ಐತಿಹಾಸಿಕ ಸತ್ಯ ಎಂದು ಗ್ರಂಥ ಬರೆದು ವಾದಿಸಿದವರಲ್ಲಿ ಕ್ರೈಸ್ತ ಪಾದ್ರಿಯಾಗಿದ್ದ ಉತ್ತಂಗಿ ಚನ್ನಪ್ಪನವರೂ ಒಬ್ಬರೆಂಬುದು ಇಲ್ಲಿ ಗಮನಾರ್ಹ.

ವಾದಕ್ಕೆ ಸಂಶೋಧನೆಯ ಬಲ ತುಂಬಿದವರು ಸಿಂದಗಿ ತಾಲ್ಲೂಕಿನ ಗುಬ್ಬೇವಾಡದಲ್ಲಿ 1938ರಲ್ಲಿ ಜನಿಸಿದ ಎಂ. ಎಂ. ಕಲಬುರ್ಗಿಯವರು. ಅವರು ಪ್ರಧಾನ ಸಂಪಾದಕರಾಗಿದ್ದ ಸಮಗ್ರ ವಚನ ಸಂಪುಟಗಳು 15 ಸಂಪುಟಗಳಲ್ಲಿ ಸರ್ಕಾರದಿಂದ ಪ್ರಕಟವಾದವು. ಶಾಸನ ಮತ್ತು ಹಸ್ತಪ್ರತಿಗಳ ಆಧಾರದಿಂದ ವೀರಶೈವವು ಲಿಂಗಾಯತಕ್ಕೆ ನಂತರ ಬಂದು ಸೇರಿದ ಧಾರೆಯೆಂದು ಅವರು ಪ್ರತಿಪಾದಿಸಿದರು. ಅವರ ತೀರ್ಮಾನಗಳನ್ನು ಒಪ್ಪದ ವಿದ್ವಾಂಸರು, ಮುಖ್ಯವಾಗಿ ಚಿದಾನಂದಮೂರ್ತಿಯವರು, ಸಾಕ್ಷ್ಯಗಳನ್ನು ಬೇರೆ ರೀತಿಯಲ್ಲಿ ಓದಿದರು. ಆದರೆ ವಾದ ಪುರಾಣದ ನೆಲೆಯಿಂದ ಶಾಸನದ ನೆಲೆಗೆ ಬಂದದ್ದು ಲಾಭವೇ. ಸಮಾಜದ ಒಳಗಿನ ಒತ್ತಡಕ್ಕೆ ಮಣಿದು ಒಮ್ಮೆ ತಮ್ಮ ಕೆಲವು ಬರಹಗಳನ್ನು ಹಿಂತೆಗೆದುಕೊಳ್ಳಬೇಕಾಗಿ ಬಂದಿದ್ದ ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲಿಯೇ ಗುಂಡಿಕ್ಕಿ ಕೊಲ್ಲಲಾಯಿತು.

ಸಂಸ್ಥೆಯ ರೂಪದಲ್ಲಿ ಒಡಕು ಪ್ರಕಟವಾದದ್ದು ಅದರ ನಂತರ. ಹಳೆಯ ಮಹಾಸಭೆಯೂ ವೀರಶೈವ–ಲಿಂಗಾಯತ ಎಂಬ ಜೋಡಿ ಹೆಸರಿನಲ್ಲಿ ಪ್ರತ್ಯೇಕ ಧರ್ಮದ ಮಾನ್ಯತೆಯನ್ನು ಕೇಳಿ, 2013ರಲ್ಲಿ ಕೇಂದ್ರದಿಂದ ನಿರಾಕರಣೆಯನ್ನು ಪಡೆದಿತ್ತು. ಆದ್ದರಿಂದ ಹೊಸ ಬೇಡಿಕೆಯ ವಿಶೇಷವಿದ್ದದ್ದು ಪ್ರತ್ಯೇಕತೆಯಲ್ಲಲ್ಲ, ಜೋಡಿ ಹೆಸರಿನ ನಿರಾಕರಣೆಯಲ್ಲಿ. 2017ರಲ್ಲಿ ಬೀದರಿನಿಂದ ಆರಂಭವಾದ ಸಮಾವೇಶಗಳಲ್ಲಿ ಬಸವಣ್ಣನವರೇ ಧರ್ಮಗುರು, ವಚನಗಳೇ ಧರ್ಮಗ್ರಂಥ ಎಂಬ ಘೋಷಣೆ ಮೊಳಗಿತು. ವಿಜಯಪುರ ಜಿಲ್ಲೆಯವರೇ ಆದ ಆಗಿನ ಸಚಿವ ಎಂ. ಬಿ. ಪಾಟೀಲರು ಅದರ ಮುಂಚೂಣಿಯಲ್ಲಿದ್ದರು. ನ್ಯಾಯಮೂರ್ತಿ ನಾಗಮೋಹನದಾಸ್ ಸಮಿತಿಯ ವರದಿಯನ್ನು ಆಧರಿಸಿ ರಾಜ್ಯ ಸಚಿವ ಸಂಪುಟವು 2018ರ ಮಾರ್ಚ್ 19ರಂದು ಲಿಂಗಾಯತರಿಗೂ ಬಸವತತ್ತ್ವವನ್ನು ಒಪ್ಪುವ ವೀರಶೈವ ಲಿಂಗಾಯತರಿಗೂ ಧಾರ್ಮಿಕ ಅಲ್ಪಸಂಖ್ಯಾತ ಮಾನ್ಯತೆ ನೀಡಲು ಕೇಂದ್ರಕ್ಕೆ ಶಿಫಾರಸು ಮಾಡಿತು, ಕೇಂದ್ರ ಅದನ್ನು ಅಂಗೀಕರಿಸಲಿಲ್ಲ. ಆ ವರ್ಷವೇ ಜಾಗತಿಕ ಲಿಂಗಾಯತ ಮಹಾಸಭೆ ಅಸ್ತಿತ್ವಕ್ಕೆ ಬಂತು. ಸಚಿವ ಸಂಪುಟದ ಶಬ್ದಜೋಡಣೆ ಎರಡು ಕಡೆಯವರನ್ನೂ ಸಮಾಧಾನಪಡಿಸಲು ಹೊರಟು ಎರಡು ಕಡೆಯವರಿಗೂ ಪೂರ್ತಿಯಾಗಿ ಹಿಡಿಸದೆ ಹೋದದ್ದು ಆಶ್ಚರ್ಯವೇನಲ್ಲ.

ಇದಕ್ಕೆ ಕೆಲವು ದಶಕಗಳ ಮೊದಲೇ ಪಶ್ಚಿಮದ ಆಂಗ್ಲಿಕನ್ ಚರ್ಚಿನಲ್ಲಿ ಆರಂಭವಾದ ಒಡಕಿನೊಂದಿಗೆ ಇದನ್ನು ಹೋಲಿಸಬಹುದು. ಮಹಿಳೆಯರಿಗೆ ಪುರೋಹಿತ ದೀಕ್ಷೆ ಕೊಡುವ, ಅದರ ಅಮೆರಿಕ ಶಾಖೆಯಾದ ಎಪಿಸ್ಕೋಪಲ್ ಚರ್ಚಿನ 1976ರ ನಿರ್ಣಯವನ್ನೂ ಅದು ಆಗ ಅಂಗೀಕರಿಸಿದ ಹೊಸ ಪ್ರಾರ್ಥನಾ ಪುಸ್ತಕವನ್ನೂ ಒಪ್ಪದ ಸಂಪ್ರದಾಯವಾದಿಗಳು 1977ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಸೇರಿ ತಮ್ಮ ಪ್ರತ್ಯೇಕ ಮಾರ್ಗವನ್ನು ಘೋಷಿಸಿದರು. ಮುಂದೆ ಇತರ ಭೇದಗಳೂ ಸೇರಿ 2009ರಲ್ಲಿ ಉತ್ತರ ಅಮೆರಿಕದ ಆಂಗ್ಲಿಕನ್ ಚರ್ಚ್ ಎಂಬ ಇನ್ನೊಂದು ಸಂಸ್ಥೆ ರೂಪುಗೊಂಡಿತು. ಹೊರಗೆ ಹೋದವರು ತಾವೇ ಹಳೆಯ ನಂಬಿಕೆಯಲ್ಲಿ ನಿಂತವರು, ಬದಲಾದವರು ಇತರರು ಎಂದರು. ಇಲ್ಲಿಯೂ ಹಾಗೆಯೇ: ಪಂಚಪೀಠದವರಿಗೆ ಯುಗಾಂತರದ ಆಚಾರ್ಯರು, ಬಸವವಾದಿಗಳಿಗೆ 12ನೆಯ ಶತಮಾನದ ಶುದ್ಧ ಮೂಲ, ಹೊಸದನ್ನು ಸ್ಥಾಪಿಸುತ್ತಿದ್ದೇವೆಂದು ಯಾರೂ ಹೇಳುವುದಿಲ್ಲ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಅಪೊಸ್ತಲರಿಂದ ಅಖಂಡವಾಗಿ ಹಸ್ತಸ್ಪರ್ಶದ ಮೂಲಕ ಬಂದ ಬಿಷಪರಿಲ್ಲದೆ ಆಂಗ್ಲಿಕನ್ ಚರ್ಚು ಚರ್ಚೆನಿಸದ ಕಾರಣ 1977ರಲ್ಲಿ ಹೊರಬಂದವರು ಮೊದಲು ಬಿಷಪರನ್ನು ಪಡೆಯಲು ಪರದಾಡಬೇಕಾಯಿತು; ಲಿಂಗಾಯತರಲ್ಲಿ ದೀಕ್ಷೆ ಕೊಡುವ ಮಠಗಳು ಶತಮಾನಗಳಿಂದ ಸ್ವತಂತ್ರವಾಗಿಯೇ ಇದ್ದುದರಿಂದ ನಿವೃತ್ತ ಅಧಿಕಾರಿಗಳು, ವಕೀಲರು, ಅಧ್ಯಾಪಕರು ಮುಂದೆ ನಿಂತು ಒಂದು ವೇದಿಕೆಯನ್ನು ಕಟ್ಟಿದರೆ ಸಾಕಾಯಿತು.

ಈ ವ್ಯತ್ಯಾಸದ ಫಲ ಆಸ್ತಿಯ ವಿಷಯದಲ್ಲಿ ಎದ್ದು ಕಾಣುತ್ತದೆ. ಅಮೆರಿಕದಲ್ಲಿ ಚರ್ಚ್ ಕಟ್ಟಡ ಯಾರದೆಂಬ ಪ್ರಶ್ನೆ ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ನಡೆದು, ವರ್ಜೀನಿಯಾದಂಥ ಕಡೆಗಳಲ್ಲಿ ಹೊರಹೋದ ಸಭೆಗಳು ತಾವು ಪೂಜಿಸುತ್ತಿದ್ದ ಕಟ್ಟಡಗಳನ್ನು ಬಿಟ್ಟುಕೊಡಬೇಕಾಯಿತು. ವಿಜಯಪುರ ಜಿಲ್ಲೆಯ ಮಠಗಳ ಹೊಲ, ಶಾಲೆ, ಪ್ರಸಾದ ನಿಲಯಗಳು ಎರಡು ಮಹಾಸಭೆಗಳಲ್ಲಿ ಯಾವುದಕ್ಕೂ ಸೇರಿದವಲ್ಲ. ಅವು ಆಯಾ ಮಠದ ಪೀಠಕ್ಕೆ ಅಥವಾ ಟ್ರಸ್ಟಿಗೆ ಸೇರಿದವು. ಹಳಕಟ್ಟಿಯವರ ಪರಿಶ್ರಮದಿಂದ 1910ರಲ್ಲಿ ಆರಂಭವಾಗಿ, ಮುಂದೆ ಬಂಥನಾಳದ ಸಂಗನಬಸವ ಶಿವಯೋಗಿಗಳು ಬೆಳೆಸಿದ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಯ ಹೆಸರಿನಲ್ಲಿ ಮೊದಲಿನಿಂದಲೂ ಇರುವುದು ಲಿಂಗಾಯತ ಎಂಬ ಶಬ್ದ. ಅದಕ್ಕೆ ಆರು ವರ್ಷ ಹಿಂದಿನ ಮಹಾಸಭೆಯ ಹೆಸರಿನಲ್ಲಿ ಆಗ ಇದ್ದದ್ದು ವೀರಶೈವ ಎಂಬ ಶಬ್ದ, ಮತ್ತು ಎರಡನ್ನೂ ಕಟ್ಟಿದ ತಲೆಮಾರು ಹೆಚ್ಚುಕಡಿಮೆ ಒಂದೇ ಆಗಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮಠಾಧೀಶರು ಇಂದು ಯಾವ ವೇದಿಕೆಯನ್ನು ಏರಿದರೂ ಊರಿನ ಹಿರೇಮಠದ ಅಯ್ಯನವರನ್ನು ಮನೆಯ ಕಾರ್ಯಕ್ಕೆ ಕರೆಯುವ ಕುಟುಂಬಗಳೂ, ಪುರೋಹಿತರನ್ನು ಬಿಟ್ಟು ವಚನ ಹೇಳಿ ಮದುವೆ ಮಾಡುವ ಕುಟುಂಬಗಳೂ ಅದೇ ಮಠದ ಭಕ್ತರ ಪಟ್ಟಿಯಲ್ಲಿವೆ.