ಪಹಣಿಯಲ್ಲಿ ಹೆಸರಿಲ್ಲದವರು ಕೊಟ್ಟ ಬೆಳಕು

ಸುಬ್ರಹ್ಮಣ್ಯಪುರದಲ್ಲಿ ಮಗ್ರಿಬ್ ಹೊತ್ತಿಗೆ ಕರೆಂಟು ಹೋದರೆ ನಾವೆಲ್ಲ ಒಮ್ಮೆಗೇ ಬಾಲ್ಕನಿಗೆ ಬಂದು ನಿಲ್ಲುತ್ತೇವೆ. ಪಕ್ಕದ ಬೀದಿಯಲ್ಲೂ ಇಲ್ಲವೆಂದು ಖಾತ್ರಿಯಾದರೆ ಸಮಾಧಾನ. ಉತ್ತರಹಳ್ಳಿ ಕಡೆಯ ಈ ಊರು ಹಳ್ಳಿಯಾಗಿದ್ದ ಕಾಲವನ್ನು ನೆನೆಯುವವರು ಇನ್ನೂ ಇದ್ದಾರೆ. ಅವರ ಪಾಲಿಗೆ ದೀಪವೆಂದರೆ ಸೀಮೆಎಣ್ಣೆಯ ಬುಡ್ಡಿ. ಈಗ ಅರ್ಧ ಗಂಟೆ ಕತ್ತಲಾದರೆ ನಾವು ಇಲಾಖೆಯನ್ನು ಬೈಯುತ್ತೇವೆ. ಈ ಕರೆಂಟು ಎಲ್ಲಿಂದ ಬರುತ್ತದೆ, ಅದಕ್ಕೆ ಯಾರು ಏನು ಕೊಟ್ಟರು ಎಂದು ಕೇಳುವುದಿಲ್ಲ.

ಲೆಕ್ಕ ಶಿವನಸಮುದ್ರದಿಂದ ಶುರುವಾಗುತ್ತದೆ. 1902ರಲ್ಲಿ ಕಾವೇರಿಯ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿಗೆ ತಲುಪಿತು. ಕೊಳ್ಳಲು ಗಣಿ ಕಂಪನಿಗಳಿದ್ದವು, ಅದಕ್ಕೇ ಮೈಸೂರು ಸರ್ಕಾರ ಧೈರ್ಯವಾಗಿ ಹಣ ಹಾಕಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಹಳ್ಳಿಗಳ ಸರದಿ ಬಹಳ ತಡವಾಗಿ ಬಂತು. 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ತಂತಿ ಸಣ್ಣ ಊರುಗಳತ್ತ ತಿರುಗಿತು. ಜೋಗದ ಯೋಜನೆಗೆ ಅಡಿಗಲ್ಲು ಬಿದ್ದದ್ದೂ ಅವರ ಕಾಲದಲ್ಲೇ, 1939ರಲ್ಲಿ. ಆ ವಿದ್ಯುದಾಗಾರ 1948ರಲ್ಲಿ ಶುರುವಾಯಿತು. ಅದಕ್ಕಾಗಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಹದಿನಾರೇ ವರ್ಷದಲ್ಲಿ ತಾನೇ ಮುಳುಗಿತು. 1964ರಲ್ಲಿ ಲಿಂಗನಮಕ್ಕಿ ಬಂದಾಗ ಸಣ್ಣ ಅಣೆಕಟ್ಟನ್ನು ದೊಡ್ಡದು ನುಂಗಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದು ಮೇಲೆ ಕಾಣಿಸಿಕೊಳ್ಳುತ್ತದೆ.

ಮುಳುಗಿದ್ದು ಅದೊಂದೇ ಅಲ್ಲ. ಸಾಗರ, ಹೊಸನಗರ ಸೀಮೆಯ ಗದ್ದೆ, ತೋಟ, ಮನೆಗಳು ಹೋದವು. ಸಾವಿರಾರು ಕುಟುಂಬಗಳು ಪಾತ್ರೆ ಪಗಡಿ ಕಟ್ಟಿಕೊಂಡು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಡೆಯ ಕಾಡಂಚಿಗೆ ಹೋಗಿ ಇಳಿದವು. ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಇದನ್ನು ಹತ್ತಿರದಿಂದ ಕಂಡವರು. 'ಮುಳುಗಡೆ', 'ದ್ವೀಪ' ಬರೆದ ಅವರು 2025ರ ಜನವರಿಯಲ್ಲಿ ತೀರಿಕೊಂಡರು. 'ದ್ವೀಪ'ವನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದ್ದು ನಮ್ಮಲ್ಲಿ ಅನೇಕರಿಗೆ ಗೊತ್ತು, ಕಥೆಯ ಹಿಂದಿನ ಲೆಕ್ಕಪತ್ರ ಗೊತ್ತಿರುವವರು ಕಡಿಮೆ.

ಕನ್ನಡದಲ್ಲಿ ನಾವು 'ಪರಿಹಾರ' ಎನ್ನುತ್ತೇವೆ. ಆ ಮಾತಿನಲ್ಲೇ ಕಷ್ಟ ತೀರಿತು ಎಂಬ ಧ್ವನಿ ಇದೆ. ಉರ್ದುವಿನಲ್ಲಿ ಅದು 'ಮುಆವಜಾ', ಒಂದಕ್ಕೆ ಬದಲು ಇನ್ನೊಂದು. ಎರಡನೆಯದು ಹೆಚ್ಚು ಪ್ರಾಮಾಣಿಕ ಪದ ಎಂದು ನಮಗೆ ಅನ್ನಿಸುತ್ತದೆ. ಏನಕ್ಕೆ ಬದಲು, ಯಾರಿಗೆ ಬದಲು ಎಂದು ಅದು ಕೇಳಿಸುತ್ತದೆ. ಶರಾವತಿಯಲ್ಲಿ ಉತ್ತರ ಸರಳವಾಗಿತ್ತು: ದಾಖಲೆಯಲ್ಲಿ ಹೆಸರಿದ್ದವರಿಗೆ. ಆದರೆ ಆ ಸೀಮೆಯಲ್ಲಿ ನೇಗಿಲು ಹಿಡಿದವರಲ್ಲಿ ಬಹಳ ಮಂದಿ ಗೇಣಿದಾರರು. ಅದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದಿತ್ತು. ಉಳುವವನೇ ಹೊಲದೊಡೆಯ ಎಂಬ ಕಾನೂನು ಬಲ ಪಡೆದದ್ದು 1974ರಲ್ಲಿ. ನೀರು ಹತ್ತು ವರ್ಷ ಮೊದಲೇ ಬಂದಿತ್ತು. ಇಷ್ಟು ಕಾಲದ ಅಂತರದಲ್ಲಿ ಎಷ್ಟು ಜನ ಭೂಮಿಯನ್ನೂ ಕಳೆದುಕೊಂಡು ಅದರ ಬೆಲೆಯನ್ನೂ ಕಳೆದುಕೊಂಡರೋ!

ಹೋದಲ್ಲಿ ಸಿಕ್ಕ ಜಾಗ ಕಾಗದದ ಮೇಲೆ ಅರಣ್ಯವಾಗಿಯೇ ಉಳಿಯಿತು. ಅದನ್ನು ಬಿಡಿಸಿಕೊಡಲು ಸರ್ಕಾರಗಳು ಆದೇಶ ಹೊರಡಿಸಿದವು. 1980ರ ಅರಣ್ಯ ಕಾಯ್ದೆಯಂತೆ ಕೇಂದ್ರದ ಅನುಮತಿ ಪಡೆದಿಲ್ಲವೆಂದು 2021ರಲ್ಲಿ ಹೈಕೋರ್ಟು ಅವನ್ನು ರದ್ದು ಮಾಡಿತು. ಕಾನೂನು ತಪ್ಪೆಂದು ನಾವು ಹೇಳುತ್ತಿಲ್ಲ. ಆದರೆ ಕಾಡು ಮುಳುಗಿಸಲು ಅಡ್ಡಬಾರದ ಕಾನೂನು ಮುಳುಗಿದವನಿಗೆ ಮಾತ್ರ ಅಡ್ಡ ಬಂತು.

ಹಳ್ಳಿಗೆ ತಂತಿ ಎಳೆಯುವ ಹಣದ ಕಥೆಯೂ ವಿಚಿತ್ರ. 1960ರ ದಶಕದ ಬರದಲ್ಲಿ ಅಮೆರಿಕದ ಗೋಧಿ ಬಂತು. ರೇಷನ್ ಅಂಗಡಿಯ ಸಾಲಿನಲ್ಲಿ ನಮ್ಮ ಅಮ್ಮಂದಿರು ತಂದದ್ದು ಅದೇ ಗೋಧಿ. ಅದಕ್ಕೆ ಭಾರತ ರೂಪಾಯಿಯಲ್ಲಿ ತೆತ್ತ ಹಣ ಇಲ್ಲೇ ಜಮೆಯಾಗಿತ್ತು. 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುದೀಕರಣ ನಿಗಮಕ್ಕೆ ಅದರಲ್ಲಿ ಒಂದು ಪಾಲು ಹೋಗಿ, ವಿದ್ಯುತ್ ಮಂಡಳಿಗಳಿಗೆ ಸಾಲವಾಗಿ ಕಂಬಗಳಾಯಿತು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ಅದೇ ವರ್ಷ ಗ್ರಾಹಕರೇ ಸದಸ್ಯರಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ದೇಶದ ಮೊದಲ ಐದರಲ್ಲಿ ಅದೊಂದು. ಆಮೇಲೆ ಗುಡಿಸಲಿಗೆ ಒಂದು ಬಲ್ಬು ಕೊಟ್ಟ ಭಾಗ್ಯಜ್ಯೋತಿ, ಬಂಗಾರಪ್ಪನವರ ಕಾಲದಲ್ಲಿ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ಕರೆಂಟು, 2023ರಲ್ಲಿ ಗೃಹಜ್ಯೋತಿ. ಸಾಲ, ಸಬ್ಸಿಡಿ ಎಲ್ಲವೂ ಬಳಸುವವನ ಕಡೆಗೆ ಹರಿದವು. ಕೊಟ್ಟವನ ಹೆಸರಿನಲ್ಲಿ ಅಂಥದೊಂದು ನಿಧಿ ಏಕಿಲ್ಲ?

ಪಾವಗಡದಲ್ಲಿ ಹೊಸ ದಾರಿ ಹಿಡಿದರು. 2018ರಲ್ಲಿ ಉದ್ಘಾಟನೆಯಾದ ಸೌರ ಪಾರ್ಕಿಗೆ ಸುಮಾರು 13,000 ಎಕರೆ ಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಭೂಮಿ ರೈತನದ್ದೇ. ಬರದ ನಾಡಿನಲ್ಲಿ ಇದು ಸಣ್ಣ ಮಾತಲ್ಲ, ಶರಾವತಿಯವರಿಗೆ ಇಷ್ಟಾದರೂ ಸಿಕ್ಕಿದ್ದರೆ ಎಂದು ಅನ್ನಿಸದೆ ಇರದು. ಆದರೆ ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ ಭೂರಹಿತ ಹೆಂಗಸರಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆ ಹಣವಿಲ್ಲ. ಪಹಣಿಯಲ್ಲಿ ಅವರ ಹೆಸರಿಲ್ಲ. ಅರವತ್ತು ವರ್ಷಗಳಲ್ಲಿ ಹಣ ಕೊಡುವ ರೀತಿ ಬದಲಾಯಿತು, ಯಾರಿಗೆ ಎಂಬುದು ಬದಲಾಗಲಿಲ್ಲ.

ಲಿಂಗನಮಕ್ಕಿಯ ಹಿನ್ನೀರು ದ್ವೀಪವಾಗಿಸಿದ ತುಮರಿ ಸೀಮೆಯವರು ಆಸ್ಪತ್ರೆಗೆ, ಕಾಲೇಜಿಗೆ ಲಾಂಚಿಗಾಗಿ ಕಾಯುತ್ತಿದ್ದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸುಮಾರು ಎರಡೂವರೆ ಕಿಲೋಮೀಟರಿನ ಸೇತುವೆ 2025ರ ಜುಲೈ 14ರಂದು ತೆರೆಯಿತು. ಆ ದಿನವೂ ಹಕ್ಕುಪತ್ರಕ್ಕಾಗಿ ಕಾಯುವ ಮುಳುಗಡೆ ಸಂತ್ರಸ್ತರು ಶಿವಮೊಗ್ಗ ಜಿಲ್ಲೆಯಲ್ಲಿ ಇದ್ದರು.