ನಗರದ ದಂಗೆಯೂ ಚಿಲ್ಲರೆ ತೆರಿಗೆಗಳೂ

ಕನ್ನಡ ನಾಡಿನ ಶಾಸನಗಳಲ್ಲಿ ಮನೆದೆರೆ, ಮಗ್ಗದೆರೆ, ಗಾಣದೆರೆ, ಮದುವೆಯ ಸುಂಕ ಮೊದಲಾದ ಹೆಸರುಗಳು ಮತ್ತೆ ಮತ್ತೆ ಎದುರಾಗುತ್ತವೆ. ಭೂಮಿಯ ಸಿದ್ಧಾಯದ ಜೊತೆಗೆ ವಾಸದ ಮನೆ, ದುಡಿಮೆಯ ಸಾಧನ, ಶುಭಕಾರ್ಯಗಳ ಮೇಲೂ ತೆರಿಗೆ ವಿಧಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಮೈಸೂರು ಸಂಸ್ಥಾನದವರೆಗೂ ಉಳಿದುಬಂದಿತು. ಅದರ ಭಾರ ಯಾರ ಹೆಗಲಿಗೆ ಬಿದ್ದಿತೆಂಬುದನ್ನು ೧೮೩೦ರ ನಗರದ ದಂಗೆಯ ಹಿನ್ನೆಲೆಯಲ್ಲಿ ಕಾಣಬಹುದು.

೧೭೯೯ರ ಒಪ್ಪಂದದಂತೆ ಮೈಸೂರು ಸಂಸ್ಥಾನವು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ ಏಳು ಲಕ್ಷ ವರಹಗಳ ಪೊಗದಿಯನ್ನು ಸಲ್ಲಿಸಬೇಕಾಗಿತ್ತು. ಮಳೆ ಬಂದರೂ ಬಾರದಿದ್ದರೂ ಈ ಮೊತ್ತ ತಪ್ಪುವಂತಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಬಳಕೆಗೆ ಬಂದ ಶರತ್ತು ಪದ್ಧತಿ ಇದಕ್ಕೆ ಜೊತೆಯಾಯಿತು. ನಿಗದಿಯಾದ ಹಣವನ್ನು ವಸೂಲು ಮಾಡಿ ಕೊಡುವೆನೆಂದು ಅಮಲ್ದಾರನು ಕರಾರು ಬರೆದುಕೊಡುತ್ತಿದ್ದನು. ಕಡಮೆ ಬಿದ್ದರೆ ಅವನೇ ತುಂಬಿಕೊಡಬೇಕು, ಹೆಚ್ಚಾದರೆ ಸರ್ಕಾರಕ್ಕೆ ಒಪ್ಪಿಸಬೇಕು. ಆದರೆ ಕಡಮೆ ಬಿದ್ದುದನ್ನು ಅಮಲ್ದಾರನು ರೈತನಿಂದಲೇ ಹಿಂಡಿ ತೆಗೆಯುತ್ತಿದ್ದನು.

ಇದರ ಮೇಲೆ ಚಿಲ್ಲರೆ ತೆರಿಗೆಗಳು. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಕೊಡುವ ವಿವರ ಬೆರಗು ಹುಟ್ಟಿಸುತ್ತದೆ. ಮದುವೆಗೆ, ಮಗು ಹುಟ್ಟಿದರೆ, ಅದಕ್ಕೆ ಹೆಸರಿಟ್ಟರೆ, ತಲೆ ಬೋಳಿಸಿದರೆ ತೆರಿಗೆ. ಹಿಂದೊಮ್ಮೆ ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಪೂರ್ವಜರು ಹುಡುಕಿಕೊಡಲಿಲ್ಲವೆಂದು ಒಂದು ಹಳ್ಳಿಯವರೆಲ್ಲ ತೆರಿಗೆ ತೆರುತ್ತಿದ್ದರು. ನಗರದ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿಕೊಳ್ಳದೆ ನಡೆದುಹೋದವರೂ ಹಣ ಕೊಡಬೇಕಾಗಿತ್ತು!

ಇವನ್ನು ಕೇವಲ ವಿಚಿತ್ರಗಳೆಂದು ನಕ್ಕು ಬಿಡುವಂತಿಲ್ಲ. ಸಿದ್ಧಾಯಕ್ಕೆ ಹೊಲದ ಅಳತೆಯಾದರೂ ಇತ್ತು. ಹುಟ್ಟು, ನಾಮಕರಣ, ಮದುವೆಗಳ ತೆರಿಗೆಗೆ ಮನೆಯವರ ಆದಾಯದ ಲೆಕ್ಕವೇ ಬೇಡ. ಸಿರಿವಂತನ ಮನೆಯಲ್ಲಿಯೂ ಕೂಲಿಯ ಗುಡಿಸಲಲ್ಲಿಯೂ ಮಗು ಹುಟ್ಟುತ್ತದೆ. ಒಬ್ಬನಿಗೆ ಗಮನಕ್ಕೇ ಬಾರದ ಹಣ ಇನ್ನೊಬ್ಬನಿಗೆ ತಿಂಗಳ ಅನ್ನವಾಗಬಹುದು. ಸಮಾನ ದರವು ಸಮಾನ ಭಾರವಲ್ಲ.

೧೮೩೦ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ ಕಂದಾಯವನ್ನು ನಿರಾಕರಿಸಿದರು. ಕೆಳದಿ ಅರಸರ ವಾರಸುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪನು ಮುಂದಾಳಾದನು. ದಂಗೆ ಅಡಗಿತು, ಆದರೆ ೧೮೩೧ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಸಂಸ್ಥಾನದ ಆಡಳಿತವನ್ನು ಅರಸರಿಂದ ಕಂಪನಿಯ ಕೈಗೆ ತೆಗೆದುಕೊಂಡನು. ೧೮೩೪ರಿಂದ ೧೮೬೧ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ನ ಕಾಲದಲ್ಲಿ ೭೬೯ ಚಿಲ್ಲರೆ ತೆರಿಗೆಗಳು ರದ್ದಾದವು. ಇದರಿಂದ ಬೊಕ್ಕಸ ಬರಿದಾಗಲಿಲ್ಲ, ಆದಾಯ ಏರುತ್ತಲೇ ಹೋಯಿತು.

ಇಷ್ಟಾದರೂ ಕಂಪನಿಯ ಪೊಗದಿ ನಿಲ್ಲಲಿಲ್ಲ. ರೈತನನ್ನು ಹಿಂಡಿದ ಅಮಲ್ದಾರನನ್ನೂ ದುಂದುಗಾರನೆನಿಸಿಕೊಂಡ ಅರಸನನ್ನೂ ಹೊಣೆಮಾಡಿದ ಆಡಳಿತವು, ವರ್ಷವರ್ಷವೂ ತಾನು ಪಡೆಯುತ್ತಿದ್ದ ಏಳು ಲಕ್ಷ ವರಹಗಳನ್ನು ಮಾತ್ರ ಬಿಟ್ಟುಕೊಡಲಿಲ್ಲ. ನಗರದ ದಂಗೆಯ ಚರಿತ್ರೆಯನ್ನು ಬರೆಯುವವರು ಆ ೭೬೯ರ ಪಟ್ಟಿಯೊಡನೆ ಈ ಒಂದು ಬಾಬನ್ನೂ ಸೇರಿಸಿ ಓದಬೇಕಾಗಿದೆ.