ತಂತ್ರಾಂಶಗಳ ಸ್ವಯಂಚಾಲಿತ ಅಳವಡಿಕೆ

ಹತ್ತಾರು ಗಣಕಯಂತ್ರಗಳಲ್ಲಿ ಒಂದೇ ಕಾರ್ಯಾಚರಣಾ ವ್ಯವಸ್ಥೆಯನ್ನು ಅಳವಡಿಸುವಾಗ ಭಾಷೆ, ಸಮಯವಲಯ, ಡಿಸ್ಕ್ ವಿಭಜನೆ, ಗುಪ್ತಪದ ಕುರಿತ ಅವೇ ಪ್ರಶ್ನೆಗಳು ಪ್ರತಿ ಯಂತ್ರದಲ್ಲೂ ಎದುರಾಗುತ್ತವೆ. ಉತ್ತರಗಳನ್ನು ಮೊದಲೇ ಒಂದು ಕಡತದಲ್ಲಿ ಬರೆದಿಟ್ಟರೆ, ಅಳವಡಿಕೆಯ ತಂತ್ರಾಂಶವು ಅದನ್ನು ಓದಿಕೊಂಡು ತಾನೇ ಕೆಲಸ ಪೂರೈಸುತ್ತದೆ. ಇದಕ್ಕೆ ಉತ್ತರ ಕಡತ ಎನ್ನಬಹುದು.

ರೆಡ್ ಹ್ಯಾಟ್ ಲಿನಕ್ಸ್‌ನಲ್ಲಿ ಇದರ ಹೆಸರು ಕಿಕ್‌ಸ್ಟಾರ್ಟ್, ಡೆಬಿಯನ್‌ನಲ್ಲಿ ಪ್ರಿಸೀಡ್. ವಿಂಡೋಸ್‌ನಲ್ಲಿ ವಿಸ್ತಾ ಆವೃತ್ತಿಯಿಂದ ಈಚೆಗೆ ಇದು ಎಕ್ಸ್‌ಎಂಎಲ್ ರೂಪದಲ್ಲಿದೆ. ಕಿಕ್‌ಸ್ಟಾರ್ಟ್ ಕಡತವನ್ನು ಆರಂಭದಿಂದ ಬರೆಯಬೇಕಿಲ್ಲ. ಮೊದಲ ಯಂತ್ರದಲ್ಲಿ ಕೈಯಾರೆ ಅಳವಡಿಕೆ ಮುಗಿದೊಡನೆ, ಅಲ್ಲಿ ನೀಡಿದ ಉತ್ತರಗಳ ಕಡತವು 'ರೂಟ್' ಕಡತಕೋಶದಲ್ಲಿ ಸಿದ್ಧವಾಗಿರುತ್ತದೆ; ಅದನ್ನೇ ತಿದ್ದಿ ಉಳಿದ ಯಂತ್ರಗಳಿಗೆ ಬಳಸಬಹುದು. ಪಿಎಕ್ಸ್‌ಇ ವಿಧಾನದಲ್ಲಿ ಯಂತ್ರಗಳು ಜಾಲದ ಮೂಲಕವೇ ಚಾಲನೆಗೊಳ್ಳುವುದರಿಂದ ಡಿವಿಡಿ, ಪೆನ್‌ಡ್ರೈವ್‌ಗಳ ಅಗತ್ಯವೂ ಇಲ್ಲ.

ಆದರೆ ಕಡತದಲ್ಲಿನ ಒಂದು ತಪ್ಪು ಎಲ್ಲ ಯಂತ್ರಗಳಲ್ಲೂ ಮರುಕಳಿಸುತ್ತದೆ. ಕಿಕ್‌ಸ್ಟಾರ್ಟ್‌ನ 'ಕ್ಲಿಯರ್‌ಪಾರ್ಟ್' ಆದೇಶಕ್ಕೆ 'ಆಲ್' ಎಂದು ಸೇರಿಸಿದರೆ, ಯಂತ್ರಕ್ಕೆ ಜೋಡಿಸಿರುವ ಜಾಲ ಸಂಗ್ರಹವೂ ಸೇರಿ ಕೈಗೆಟುಕುವ ಡಿಸ್ಕ್‌ಗಳೆಲ್ಲ ಅಳಿಸಿಹೋಗುತ್ತವೆ. ಆದ್ದರಿಂದ ಯಾವ ಡಿಸ್ಕ್ ಎಂಬುದನ್ನು ಹೆಸರಿಸಿಯೇ ಆದೇಶ ನೀಡಬೇಕು; ಗುಪ್ತಪದವನ್ನು ಗೂಢಲಿಪೀಕರಿಸಿಯೇ ಬರೆಯಬೇಕು. ದತ್ತಾಂಶವಿಲ್ಲದ ಒಂದು ಯಂತ್ರದಲ್ಲಿ ಪರೀಕ್ಷಿಸಿದ ಬಳಿಕವೇ ಉಳಿದವುಗಳಿಗೆ ಅನ್ವಯಿಸುವುದು ಕ್ಷೇಮ.